ಖಾಲಿ ಕ್ಯಾರಿಯರಿನ ಗಂಗಾದೇವಿ

ಗಂಗಾದೇವಿ ತನ್ನ ಜೀವಮಾನದಲ್ಲಿ ಏನು ಮಾಡಿದಳು ಎಂದು ಕೇಳುವವರಿಗೆ ನಾನು ಸೈಕಲ್ ಹೊಡೆದಳು ಎನ್ನುತ್ತೇನೆ. ಎಲ್ಲಿಗೆ ಎಂದು ಕೇಳಿದರೆ ಎಲ್ಲಿಗೂ ಇಲ್ಲ ಎನ್ನುತ್ತೇನೆ. ಅಷ್ಟಕ್ಕೇ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ. ಗುಡಿ ಕಟ್ಟಿಸಿದವರ, ಬಾವಿ ತೋಡಿಸಿದವರ ಹೆಸರು ಆಗಲೇ ಕಲ್ಲಿನ ಮೇಲಿದೆ, ಅವರ ಬಗ್ಗೆ ನಾನು ಕೈ ನೋಯಿಸಿಕೊಂಡು ಬರೆಯಬೇಕಾಗಿಲ್ಲ.

ಗಂಗಾದೇವಿ ನನಗೆ ಓರಗಿತ್ತಿ. ಅವಳು ಹಿರಿಯ ಸೊಸೆ, ನಾನು ಕಿರಿಯವಳು, ಹಾಗಾಗಿ ನನಗೆ ಅಕ್ಕ. ಹಿಂದೂಪುರದಿಂದ ರೊದ್ದಂ ಕಡೆಗೆ ಹೋಗುವ ದಾರಿಯಲ್ಲಿ, ಹಗಲಿಡೀ ಲಾಳಿ ಸದ್ದು ಮಾಡುವ ನೇಕಾರರ ಊರು ನಮ್ಮದು. ನಾನು ಪಾವಗಡದ ಕಡೆಯ ಮೇಷ್ಟರ ಮಗಳು, ಮದುವೆಯಾಗಿ ಇಲ್ಲಿಗೆ ಬಂದಾಗ ಆಂಧ್ರ ರಾಜ್ಯವಾಗಿ ಇನ್ನೂ ಹೆಚ್ಚು ಕಾಲ ಕಳೆದಿರಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆದರೆ ಎರಡರ ನಡುವೆ ಬಾಗಿಲು ಹಾಕಿದವರು ಯಾರೂ ಇಲ್ಲ. ಒಂದು ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿಯುವುದು ನಮಗೆ ಮಾಮೂಲು. ಮುಂದೆ ಎಡವಟ್ಟಾದದ್ದೂ ಅಲ್ಲೇ.

ಸೈಕಲ್ಲು ಬಂದದ್ದು ಅವಳ ಗಂಡ ಶ್ರೀರಾಮುಲು ಭಾವನವರಿಗಾಗಿ. ನೇಯ್ದ ಸೀರೆಗಳನ್ನು ಹಿಂದೂಪುರದ ಅಂಗಡಿಗೆ ಮುಟ್ಟಿಸಿ ನೂಲು ತರುವ ಕೆಲಸ ಅವರದು. ಮಗ್ಗದ ಗುಂಡಿಗೆ ಕಾಲಿಟ್ಟರೆ ಭಾವ ರಾಜ. ಸೈಕಲ್ಲಿನ ಮೇಲೆ ಮಾತ್ರ ಅವರಿಗೆ ಕೈಕಾಲು ಮಾತು ಕೇಳುತ್ತಿರಲಿಲ್ಲ. ಒಂದು ದಿನ ಎಮ್ಮೆಗೆ ಗುದ್ದಿ ಸೀರೆ ಗಂಟಿನ ಸಮೇತ ಕೆರೆಯ ಕೆಸರಿಗೆ ಬಿದ್ದು, ಮತ್ತೆ ಅದನ್ನು ಮುಟ್ಟುವುದಿಲ್ಲ ಎಂದರು. ಗಂಟು ಅಂಗಡಿಗೆ ಹೋಗಲೇಬೇಕಲ್ಲ. ಅಕ್ಕ ಮೊದಮೊದಲು ಸೈಕಲ್ಲನ್ನು ತಳ್ಳಿಕೊಂಡು ಹೋದಳು, ಆಮೇಲೆ ಒಂದು ಪೆಡಲಿನ ಮೇಲೆ ಕಾಲಿಟ್ಟು ತೇಲಿದಳು, ಕಡೆಗೊಂದು ದಿನ ಕಚ್ಚೆ ಹಾಕಿ ಉಟ್ಟು ಏರಿಯೇಬಿಟ್ಟಳು.

ಊರು ಬಾಯಿ ತೆರೆದು ನೋಡಿತು, ಆದರೆ ಏನೂ ಅನ್ನಲಿಲ್ಲ. ಹಿಂದಿನ ಕ್ಯಾರಿಯರಿನಲ್ಲಿ ಅರ್ಧ ಊರಿನ ಸೀರೆ ಇರುವಾಗ ಅನ್ನುವುದಾದರೂ ಏನು? ಕುಲದ ಯಜಮಾನ ಓಬಳೇಶಪ್ಪನವರಂತೂ ಗಂಗಮ್ಮನೇ ನಮ್ಮೂರ ರೈಲು ಎಂದು ನಾಲ್ಕು ಜನರ ಮುಂದೆ ಹೊಗಳಿದರು. ಆ ಹೊಗಳಿಕೆಯನ್ನು ನಾನು ನೆನಪಿನಲ್ಲಿ ಇಟ್ಟುಕೊಂಡಿದ್ದೇನೆ. ಹೊಗಳಿದ್ದು ಗಂಟನ್ನು, ಹೆಂಗಸನ್ನಲ್ಲ ಎಂಬುದು ಆಮೇಲೆ ಗೊತ್ತಾಯಿತು.

ರೈಲು ಎಂದಾಗ ಆ ಲೈನಿನ ವಿಷಯ ಹೇಳಬೇಕು. ಯುದ್ಧದ ಕಾಲದಲ್ಲಿ ಇಂಜಿನ್ನುಗಳಿಗೆ ಸೌದೆ ಬೇಕೆಂದು ನಮ್ಮೂರ ಹಿಂದಿನ ಗುಡ್ಡಗಾಡಿಗೆ ಒಂದು ಕಂಬಿ ಹಾಕಿದ್ದರಂತೆ. ಹಾಗೇ ಮುಂದುವರಿದು ಕಲ್ಯಾಣದುರ್ಗ ಮುಟ್ಟುತ್ತದೆ ಎಂದು ಯಾರೋ ಹೇಳಿದರು, ಎಲ್ಲರೂ ನಂಬಿದರು. ಯುದ್ಧ ಮುಗಿಯಿತು, ಕಲ್ಯಾಣದುರ್ಗ ಇದ್ದಲ್ಲೇ ಉಳಿಯಿತು, ಕಂಬಿಗಳನ್ನು ಕಿತ್ತುಕೊಂಡು ಹೋದರು. ಕಂಬಿಯ ಕೆಳಗಿನ ಮರದ ದಿಮ್ಮಿಗಳನ್ನು ನಮ್ಮೂರವರು ಹೊತ್ತು ತಂದು ಬಾಗಿಲ ಚೌಕಟ್ಟು ಮಾಡಿಕೊಂಡರು. ಚೌಡಮ್ಮನ ಗುಡಿಯ ಹೊಸ್ತಿಲೂ ಅದೇ ಮರ. ಉಳಿದದ್ದು ಉದ್ದಕ್ಕೆ ಮಣ್ಣಿನ ಏರಿ, ಅಲ್ಲಲ್ಲಿ ಮೋರಿ, ಆಮೇಲೆ ಕಾಡು. ಜನ ಅದನ್ನು ಕಲ್ಯಾಣದುರ್ಗದ ಲೈನು ಎಂದೇ ಕರೆಯುತ್ತಿದ್ದರು, ಆದರೆ ಅದರ ಮೇಲೆ ಕುರಿಗಳನ್ನು ಬಿಟ್ಟರೆ ಯಾರೂ ಓಡಾಡುತ್ತಿರಲಿಲ್ಲ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗಕ್ಕೆ ಕೈ ಹಚ್ಚುವುದಿಲ್ಲ. ಹಿರಿಯರು ಮಾಡಿಟ್ಟ ಪದ್ಧತಿ. ಆ ದಿನ ಗಂಡಸರು ಬೆಳಗ್ಗೆ ಮಿಂದು ಚೌಡಮ್ಮನಿಗೆ ಕೈ ಮುಗಿದು, ಗುಡಿಯ ಜಗಲಿಯ ಮೇಲೆ ಕೂತರೆ ಸಂಜೆಯವರೆಗೆ ಆಡು-ಹುಲಿ ಆಟ. ಹಾಸುಗಲ್ಲಿನ ಮೇಲೆ ಗೆರೆ ಕೊರೆದು, ಬೆಣಚುಕಲ್ಲಿನ ಹುಲಿ, ಹುಣಸೆಬೀಜದ ಆಡು. ಯಾಕಪ್ಪಾ ಕೂತಿದ್ದೀರಿ ಎಂದು ಅವರನ್ನು ಯಾರೂ ಕೇಳಿದವರಿಲ್ಲ. ಹೆಂಗಸರಿಗೆ ಮಗ್ಗ ನಿಂತರೂ ಒಲೆ ನಿಲ್ಲುವುದಿಲ್ಲ. ನಮ್ಮತ್ತೆ ವೀರಭದ್ರಮ್ಮನವರಂತೂ ಬರಿಗೈಯಲ್ಲಿ ಒಂದು ಹೆಜ್ಜೆ ಇಟ್ಟವರಲ್ಲ. ಮುಂಜಾನೆ ಬಯಲಿಗೆ ಹೋದರೂ ಬರುವಾಗ ಮಡಿಲಲ್ಲಿ ಒಲೆಗೆ ನಾಲ್ಕು ಪುಳ್ಳೆ, ಇಲ್ಲವೇ ಒಂದು ಹಿಡಿ ಸೊಪ್ಪು. ಯಾವ ಸೊಸೆಯಾದರೂ ಕೈ ಬೀಸಿಕೊಂಡು ಒಳಗೆ ಬಂದರೆ ಅತ್ತೆಯ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಕೈಗೆ.

ಅಂಥ ಮನೆಯ ಹಿರಿಯ ಸೊಸೆ ಒಂದು ಅಮಾವಾಸ್ಯೆಯ ದಿನ ಅಡುಗೆ ಮುಗಿಸಿ, ಒಲೆ ಸಾರಿಸಿ, ಗಂಟಿಲ್ಲದ ಸೈಕಲ್ಲನ್ನು ಹೊರಗೆ ತೆಗೆದಳು. ಲೈನಿನ ಮೇಲೆ ಹೋಗಿ ಬಂದಳು. ಮತ್ತೊಂದು ಅಮಾವಾಸ್ಯೆಗೂ ಹೋದಳು. ಬಂದು ನನಗೊಬ್ಬಳಿಗೆ ಹೇಳುತ್ತಿದ್ದಳು: ಗುಡ್ಡವನ್ನು ಸೀಳಿ ಲೈನು ಹೋಗುವ ಕಡೆ ಬೇಸಗೆಯಲ್ಲೂ ಮೈ ಜುಮ್ಮೆನ್ನುವ ತಂಪು, ಒಂದು ಅರಳಿಯ ಬೇರು ಬಿಟ್ಟುಹೋದ ಕಂಬಿಯ ತುಂಡನ್ನು ಅರ್ಧ ನುಂಗಿದೆ, ಕಲ್ಲಿನಿಂದ ಕುಟ್ಟಿದರೆ ಗುಡಿಯ ಗಂಟೆಯ ಹಾಗೆ ಸದ್ದು ಮಾಡುವ ಒಂದು ಬಂಡೆ ಇದೆ. ಕಟ್ಟಕಡೆಗೆ, ಇಂಜಿನ್ನಿಗೆ ನೀರು ಕುಡಿಸುತ್ತಿದ್ದ ತೊಟ್ಟಿಯ ಪಕ್ಕ, ಸ್ಟೇಷನ್ನಿಗೆ ಹೆಸರು ಬರೆಯಲು ನೆಟ್ಟ ಸುಣ್ಣದ ಗಾರೆಯ ಹಲಗೆ ಇದೆ, ಅದರ ಮೇಲೆ ಒಂದಕ್ಷರವೂ ಇಲ್ಲ. ಹೇಳುವಾಗ ಅವಳ ಮುಖ ನೋಡಬೇಕಿತ್ತು. ವರ್ಷವಿಡೀ ರಾಟೆಯ ಮುಂದೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುವ ಹೆಂಗಸಿನ ಮುಖ ಅದಲ್ಲ. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಒಂದು ಸಲ ಲೈನಿನ ಮೋರಿಯ ಹತ್ತಿರ ಕುರಿ ಮೇಯಿಸುತ್ತಿದ್ದ ಕದಿರಣ್ಣ ಅವಳನ್ನು ಕಂಡ. ಎಲ್ಲಿಗಮ್ಮಾ ಹೋಗ್ತಾ ಇದೀಯ ಎಂದು ಕನ್ನಡದಲ್ಲಿ ಕೇಳಿದ. ಅಕ್ಕ ಪೆಡಲು ನಿಲ್ಲಿಸದೆ, ಬಾಯಿಗೆ ಬಂದ ತೆಲುಗಿನಲ್ಲಿ, "ಊರಿಕೆ" ಎಂದಳು. ಊರಿಕೆ ಎಂದರೆ ಸುಮ್ಮನೆ, ಏನೂ ಕಾರಣವಿಲ್ಲದೆ. ಕನ್ನಡದಲ್ಲಿ ಕೇಳಿದ ಕದಿರಣ್ಣ ಕನ್ನಡದ ಉತ್ತರಕ್ಕೇ ಕಿವಿ ಕೊಟ್ಟಿದ್ದ. ಅವನಿಗೆ ಕೇಳಿಸಿದ್ದು, ಊರಿಗೆ.

ಯಾವ ಊರಿಗೆ? ಆ ಲೈನಿನ ಮೇಲೆ ಊರೇ ಇಲ್ಲ. ಅವಳ ತವರು ಗೋರಂಟ್ಲ, ಅದು ಇನ್ನೊಂದು ದಿಕ್ಕು. ಕದಿರಣ್ಣ ಕೆಟ್ಟವನಲ್ಲ, ಆದರೆ ಅವನ ಬಾಯಿಗೆ ಬೀಗವಿಲ್ಲ. ಮುಂದಿನ ಅಮಾವಾಸ್ಯೆ ಬರುವಷ್ಟರಲ್ಲಿ ಆ ಇಲ್ಲದ ಊರಿಗೆ ನಮ್ಮವರು ಮನೆಗಳನ್ನು ಕಟ್ಟಿದ್ದರು, ಒಂದು ಮನೆಯಲ್ಲಿ ಒಬ್ಬ ಗಂಡಸನ್ನೂ ಕೂರಿಸಿದ್ದರು. ನೀರು ಸೇದುವ ಕಡೆ ನನ್ನನ್ನು ಕಂಡರೆ ಮಾತು ನಿಲ್ಲುತ್ತಿತ್ತು. ಭಾವ ಊಟದ ಮುಂದೆ ಕೂತು ತಟ್ಟೆ ನೋಡುತ್ತಿದ್ದರು. ಅತ್ತೆ ಏನನ್ನೂ ಕೇಳಲಿಲ್ಲ, ಆದರೆ ಸೈಕಲ್ಲನ್ನು ದನದ ಕೊಟ್ಟಿಗೆಗೆ ಹಾಕಿಸಿದರು.

ಅಮಾವಾಸ್ಯೆಯ ಬೆಳಗ್ಗೆ ಅಕ್ಕನನ್ನು ಗುಡಿಯ ಮುಂದಕ್ಕೆ ಕರೆಸಿದರು. ಸೈಕಲ್ಲನ್ನೂ ತರಿಸಿದ್ದರು. ಓಬಳೇಶಪ್ಪನವರ ಪಕ್ಕದಲ್ಲಿ ಸರಪಣಿಯೂ ಬೀಗವೂ ಇದ್ದವು. ಸರಿಯಾದ ಉತ್ತರ ಬಂದರೆ ಸೈಕಲ್ಲು ಮನೆಗೆ, ಬರದಿದ್ದರೆ ಗುಡಿಯ ಉಗ್ರಾಣಕ್ಕೆ, ಸೀರೆ ಗಂಟು ಮೊದಲಿನ ಹಾಗೆ ಗಾಡಿಯಲ್ಲಿ ಹೋಗಲಿ ಎಂದು ತೀರ್ಮಾನವಾಗಿತ್ತು. ಹೆಂಗಸರು ನಾವು ಬೇವಿನ ಮರದ ಕೆಳಗೆ ನಿಂತಿದ್ದೆವು.

ಯಾವ ಊರಿಗೆ ಹೋಗುತ್ತೀಯ ಎಂದು ಓಬಳೇಶಪ್ಪನವರು ಕೇಳಿದಾಗ ಅಕ್ಕ ನಕ್ಕುಬಿಟ್ಟಳು. ಅವಳಿಗೆ ಆಗ ವಿಷಯ ತಿಳಿಯಿತು. ತಾನು ಅಂದದ್ದು ಊರಿಗೆ ಅಲ್ಲ, ಊರಿಕೆ ಎಂದು ಬಿಡಿಸಿ ಹೇಳಿದಳು. ಕದಿರಣ್ಣ ತಲೆ ಕೆರೆದುಕೊಂಡು, ಇದ್ದರೂ ಇರಬಹುದು ಎಂದ. ನನಗೆ ಹೋದ ಜೀವ ಬಂದ ಹಾಗಾಯಿತು. ಇಷ್ಟೇ ತಾನೇ, ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಮುಖಗಳು ಇನ್ನೂ ಬಿಗಿದವು. ಊರಿಗೆ ಎಂದಿದ್ದರೆ ಅದಕ್ಕೊಂದು ಅರ್ಥವಿತ್ತು. ನೆಂಟರ ಮನೆಯೋ, ಕೊಡುಕೊಳ್ಳುವ ವ್ಯವಹಾರವೋ, ಕಡೆಗೆ ಒಂದು ತಪ್ಪು ಹೆಜ್ಜೆಯೋ, ಅದಕ್ಕೂ ಅವರಲ್ಲಿ ಒಂದು ದಾರಿ ಇತ್ತು. ಸುಮ್ಮನೆ ಹೋಗುವ ಹೆಂಗಸಿಗೆ ಏನು ಮಾಡಬೇಕು ಎಂದು ಹಿರಿಯರು ಎಲ್ಲೂ ಹೇಳಿರಲಿಲ್ಲ.

ಓಬಳೇಶಪ್ಪನವರು ಕೆಟ್ಟ ಮನುಷ್ಯರಲ್ಲ, ಅವರೇ ಒಂದು ಉಪಾಯ ತೆಗೆದರು. "ಅಮ್ಮನಿಗೆ ಹರಕೆ ಇತ್ತು, ಅದಕ್ಕೇ ಹೋಗ್ತಿದ್ದೆ ಅನ್ನು ತಾಯಿ. ನಾವೂ ಎದ್ದು ಹೋಯ್ತೀವಿ."

"ಹರಕೆ ಇರ್ಲಿಲ್ಲ, ಮಾವ," ಎಂದಳು ಅಕ್ಕ. "ಇದ್ದಿದ್ರೆ ಹೇಳ್ತಿದ್ದೆ."

ಭಾವ ಎದ್ದರು. ಪಾಪ, ಹೆಂಡತಿಯನ್ನು ಅಷ್ಟು ಜನರ ಮುಂದೆ ಅವರು ಎಂದೂ ಬೇಡಿಕೊಂಡವರಲ್ಲ. ಹೋದರೆ ಹೋಗಲಿ, ಬರುವಾಗ ಒಂದು ಹೊರೆ ಸೌದೆ ಕಟ್ಟಿಕೊಂಡು ಬರಲಿ, ಆಗ ಯಾರೂ ಏನೂ ಕೇಳುವುದಿಲ್ಲ ಎಂದರು. ಜಗಲಿಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಒಳ್ಳೆಯ ಮಾತು, ಎಲ್ಲರ ಮರ್ಯಾದೆಯೂ ಉಳಿಯುವ ಮಾತು.

ಅಕ್ಕ ಗಂಡನ ಕಡೆ ತಿರುಗಿ ಮೆಲ್ಲಗೇ ಹೇಳಿದಳು. "ಒಂದು ಪುಳ್ಳೆ ಕಟ್ಕಂಡು ಬಂದ್ರೂ ಅದು ಪುಳ್ಳೆಗೆ ಹೋದಂಗೆ ಆಯ್ತದೆ. ಆಮೇಲೆ ನಾನು ಹೋದಂಗೆ ಆಗಲ್ಲ."

ಈ ಮಾತು ಎಷ್ಟು ಜನರಿಗೆ ತಿಳಿಯಿತೋ ಗೊತ್ತಿಲ್ಲ. ನನಗೆ ತಿಳಿಯಿತು. ನೀವು ಹುಣಸೆಬೀಜ ಮುಂದಿಟ್ಟುಕೊಂಡು ಹೊತ್ತು ಮುಳುಗಿಸುವಾಗ ನಾವು ಯಾಕೆ ಎಂದು ಕೇಳುತ್ತೇವಾ ಎಂದು ಕೂಗಬೇಕು ಅನಿಸಿತು. ಕೂಗುವ ಮೊದಲೇ ಅಕ್ಕ ಅದಕ್ಕಿಂತ ಒಳ್ಳೆಯ ಮಾತು ಹೇಳಿದಳು. ಅನುಮಾನವಿದ್ದವರು ತನ್ನ ಜೊತೆ ಬರಲಿ, ಈಗಲೇ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸುತ್ತೇನೆ, ಆಮೇಲೆ ಬೀಗ ಹಾಕುವವರು ಹಾಕಲಿ ಎಂದಳು.

ನಡೆದು ಹೋದರೆ ಬರುವಷ್ಟರಲ್ಲಿ ಕತ್ತಲೆ, ಕಾಡಿನಲ್ಲಿ ಕರಡಿ. ಏರಿಗೆ ಗಾಡಿ ಹತ್ತುವುದಿಲ್ಲ, ಇರುವುದು ಅದೊಂದೇ ಸೈಕಲ್ಲು. ಹೆಂಗಸಿನ ಬೆನ್ನ ಹಿಂದೆ ಕ್ಯಾರಿಯರಿನ ಮೇಲೆ ಕೂತು ಊರ ನಡುವೆ ಹೋಗಲು ಯಾವ ಗಂಡಸಿಗೂ ಮೀಸೆ ಒಪ್ಪಲಿಲ್ಲ. ಆಗ ಬೇವಿನ ಮರದ ಕೆಳಗಿನಿಂದ ನಮ್ಮತ್ತೆ ಮುಂದೆ ಬಂದರು.

"ನಾನು ಹೋಯ್ತೀನಿ," ಎಂದರು. "ನನ್ನ ಸೊಸೆ. ನಾನೇ ನೋಡ್ಕಂಡು ಬತ್ತೀನಿ."

ಓಬಳೇಶಪ್ಪನವರ ಮುಖ ಅರಳಿತು. ಅತ್ತೆ ಅವರಿಗೆ ವರಸೆಯಲ್ಲಿ ಅಕ್ಕ, ಊರಿನಲ್ಲಿ ಅವರಷ್ಟು ಕಟ್ಟುನಿಟ್ಟಿನ ಹೆಂಗಸು ಇನ್ನೊಬ್ಬರಿಲ್ಲ. ಅತ್ತೆ ಬಂದು ಏನು ಹೇಳಿದರೆ ಅದೇ ಎಂದು ತೀರ್ಮಾನಿಸಿ ಗಂಡಸರು ಹುಲಿ ಆಟದ ಕಲ್ಲಿಗೆ ತಿರುಗಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಕ್ಯಾರಿಯರಿನ ಮೇಲೆ ಕೂತು, ಸೀಟಿನ ಸ್ಪ್ರಿಂಗನ್ನು ಎರಡೂ ಕೈಯಲ್ಲಿ ಹಿಡಿದರು. ಕಥೆ ಮುಗಿಯಿತು, ಇನ್ನು ಅಕ್ಕ ಲೈನು ಕಾಣುವುದಿಲ್ಲ ಎಂದು ನನಗೆ ಅನಿಸಿತು.

ದಾರಿಯಲ್ಲಿ ಆದದ್ದನ್ನು ಇಬ್ಬರೂ ಆಮೇಲೆ ನನಗೆ ಬೇರೆ ಬೇರೆಯಾಗಿ ಹೇಳಿದರು. ಏರಿ ಹತ್ತುವವರೆಗೆ ಅತ್ತೆ ಬೈಯುತ್ತಲೇ ಇದ್ದರಂತೆ. ಏರಿಯ ಮೇಲೆ ಕುರಿ ತುಳಿದು ನುಣುಪಾದ ಮಣ್ಣು, ಸೈಕಲ್ಲು ಸದ್ದಿಲ್ಲದೆ ಓಡಿತು. ಎರಡು ಕಡೆಯೂ ಹೊಲಗಳು ಕೆಳಗೆ ಬಿದ್ದುಕೊಂಡಿದ್ದವು. ಹುಟ್ಟಿದಾಗಿನಿಂದ ಆ ಹೊಲಗಳಲ್ಲಿ ಬಗ್ಗಿ ಕೆಲಸ ಮಾಡಿದ ಅತ್ತೆ ಅವನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಬೈಗುಳ ಯಾವಾಗ ನಿಂತಿತೋ ಅಕ್ಕನಿಗೆ ಗೊತ್ತಾಗಲಿಲ್ಲ. ಗುಡ್ಡದ ಸೀಳಿನೊಳಗೆ ಹೋದಾಗ ಹಿಂದಿನಿಂದ ತಣ್ಣಗಿದೆ ಎಂಬ ಮಾತು ಕೇಳಿಸಿತಂತೆ, ಅಷ್ಟೇ.

ಅರಳಿಯ ಬೇರು ಕಂಬಿ ನುಂಗಿದ್ದನ್ನು ಅತ್ತೆ ಮುಟ್ಟಿ ನೋಡಿದರು. ಗಂಟೆ ಬಂಡೆಯ ಹತ್ತಿರ ಅಕ್ಕ ಕಲ್ಲು ಕೊಟ್ಟರೆ, ಹುಚ್ಚಾಟ ಎಂದು ಬಿಸಾಡಿ, ಆಮೇಲೆ ಅದೇ ಕಲ್ಲನ್ನು ಹುಡುಕಿ ತೆಗೆದು ಒಂದು ಸಲ ಕುಟ್ಟಿದರು. ಸದ್ದು ಗುಡ್ಡಕ್ಕೆ ತಗುಲಿ ಹಿಂದೆ ಬಂತು. ಇನ್ನೊಂದು ಸಲ ಕುಟ್ಟಿದರು. ಇದನ್ನು ನನಗೆ ಹೇಳುವಾಗ ಅತ್ತೆ, ಎರಡನೇ ಸಲ ಕುಟ್ಟಿದ್ದು ಕೈ ತಪ್ಪಿ ಎಂದರು. ಇರಲಿ.

ಕೊನೆಗೆ ಆ ಹಲಗೆಯ ಹತ್ತಿರ ಬಂದರು. ಅತ್ತೆ ಊರನ್ನು ಹುಡುಕಿದರು. ಹೊಗೆ ಇಲ್ಲ, ಕೋಳಿ ಇಲ್ಲ, ನಾಯಿ ಬೊಗಳಿದ ಸದ್ದಿಲ್ಲ. ತೊಟ್ಟಿಯ ನೀರಿನ ಮೇಲೆ ಕಮರ ಮರದ ಎಲೆ ಬಿದ್ದಿತ್ತು, ನವಿಲೊಂದು ಎದ್ದು ಹೋಯಿತು. ಹಲಗೆಯ ಮೇಲೆ ಯಾವ ಊರಿನ ಹೆಸರಿದೆ ಎಂದು ಓದು ಬಾರದ ಅತ್ತೆ ಕೇಳಿದರು. ಏನೂ ಬರೆದಿಲ್ಲ ಎಂದಳು ಅಕ್ಕ. ಅತ್ತೆ ಅದರ ನೆರಳಿನಲ್ಲಿ ಬಹಳ ಹೊತ್ತು ಕೂತಿದ್ದರು.

ಕೂತವರು ಹೊರಡುವಾಗ ಸುಮ್ಮನೆ ಏಳಲಿಲ್ಲ. ಬಿದ್ದ ಪುಳ್ಳೆಗಳನ್ನು ಆರಿಸತೊಡಗಿದರು. ಅದು ಅವರ ಕೈಗಳ ಅಭ್ಯಾಸ. ಒಂದು ಒಳ್ಳೆಯ ಹೊರೆಯಾಯಿತು, ಬಳ್ಳಿ ಕಿತ್ತು ಬಿಗಿದರು. ಆಮೇಲೆ ಅಕ್ಕನಿಗೆ ಹೇಳಿದರು. "ಇಬ್ರೂ ಸೌದೆಗೆ ಬಂದಿದ್ವಿ ಅಂದ್ಬುಡ್ತೀನಿ. ನನ್ನ ಮಾತು ಯಾರೂ ಮೀರಲ್ಲ. ನಿನ್ನ ಸೈಕಲ್ಲು ನಿಂಗೇ ಉಳೀತದೆ ಕಣಮ್ಮಿ."

ಅತ್ತೆಗೆ ಸೊಸೆಯ ಮೇಲೆ ಕೋಪವಿರಲಿಲ್ಲ, ಅವಳನ್ನು ಉಳಿಸಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಅಕ್ಕನಿಗೂ ಅದು ತಿಳಿಯಿತು, ಕಣ್ಣಲ್ಲಿ ನೀರು ಬಂತಂತೆ. ಆದರೂ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಳು. "ಅದು ಕ್ಯಾರಿಯರ್ ಮೇಲೆ ಕೂತ್ರೆ ನಾನು ಸೀಟಿನ ಮೇಲೆ ಕೂರಲ್ಲ, ಅತ್ತೆ. ತಳ್ಕಂಡೇ ಬತ್ತೀನಿ, ಸೀದಾ ಬೀಗಕ್ಕೆ ಒಪ್ಪಿಸ್ತೀನಿ."

ಇಬ್ಬರೂ ಹಟಮಾರಿಗಳು. ನಡುವೆ ಸೌದೆ ಹೊರೆ. ಅಲ್ಲಿಂದ ಮುಂದೆ ಅಲ್ಲಿ ಏನು ಮಾತಾಯಿತು ಎಂದು ಕೇಳಿದರೆ ಇಬ್ಬರೂ ಏನೂ ಇಲ್ಲ ಎನ್ನುತ್ತಿದ್ದರು.

ಊರಿನಲ್ಲಿ ಹೊತ್ತು ವಾಲಿತ್ತು. ಓಬಳೇಶಪ್ಪನವರ ಒಂದು ಹುಲಿಯನ್ನು ಆಡುಗಳು ಕಟ್ಟಿಹಾಕಿದ್ದವು. ಭಾವ ಗುಡಿಯ ಹಿಂದೆ ಮುಂದೆ ಓಡಾಡುತ್ತಿದ್ದರು. ಏರಿಯ ಕಡೆಯಿಂದ ಸೈಕಲ್ಲು ಬರುವುದು ಮೊದಲು ನನಗೇ ಕಾಣಿಸಿತು. ಅಕ್ಕ ಹೊಡೆಯುತ್ತಿದ್ದಳು. ಹಿಂದೆ ಅತ್ತೆ ಕೂತಿದ್ದರು. ಹತ್ತಿರ ಬರುವವರೆಗೆ ನಾನು ಕ್ಯಾರಿಯರನ್ನೇ ನೋಡುತ್ತಿದ್ದೆ. ಹೊರೆ ಇರಲಿಲ್ಲ.

ಸೈಕಲ್ಲು ಜಗಲಿಯ ಮುಂದೆ ನಿಂತಿತು. ಅಕ್ಕ ಒಂದು ಕಾಲು ನೆಲಕ್ಕೆ ಕೊಟ್ಟಳು. ಅತ್ತೆ ಇಳಿಯಲಿಲ್ಲ.

ಅಲ್ಲಿ ಏನಿದೆ, ಅಷ್ಟು ದೂರ ಯಾಕೆ ಹೋಗುತ್ತಾಳಂತೆ ಎಂದು ಓಬಳೇಶಪ್ಪನವರು ಕೇಳಿದರು.

"ಊರಿಕೆ," ಎಂದರು ಅತ್ತೆ.

ಅತ್ತೆಗೆ ಮುಂದಿನ ಹಲ್ಲುಗಳಿರಲಿಲ್ಲ, ಮೂಲೆಯಲ್ಲಿದ್ದ ಯಾರೋ ಯಾವ ಊರಿಗೆ ಎಂದು ಮತ್ತೆ ಕೇಳಿದರು. "ಕಿವಿ ತೊಳ್ಕಳಪ್ಪ," ಎಂದರು ಅತ್ತೆ. "ಊರಿಗಲ್ಲ. ಊರಿಕೆ. ಅವಳೂ ಊರಿಕೆ ಹೋಗಿದ್ಲು, ನಾನೂ ಊರಿಕೆ ಹೋಗಿ ಬಂದೆ."

ಓಬಳೇಶಪ್ಪನವರು ಬೀಗವನ್ನು ಕೈಗೆ ತೆಗೆದುಕೊಂಡು, ಬಹಳ ಮೆತ್ತಗೆ, ಏನಾದರೂ ಒಂದು ಕಾರಣ ಹೇಳಕ್ಕಾ ಎಂದರು. ಅವರೂ ಸೋತು ಹೋಗಿದ್ದರು, ಪಾಪ.

"ಐತೆ ಅಂದ್ರೆ ನೀನು ಬೀಗ ಹಾಕಲ್ಲ, ಅದು ನಂಗೂ ಗೊತ್ತು ಕಣೋ. ಇಲ್ಲ ಅಂತಾನೇ ಹೇಳ್ತಾ ಇದೀನಿ. ಹಾಕೋದಾದ್ರೆ ಹಾಕು. ನಾನು ಇಲ್ಲಿಂದ ಇಳಿಯಲ್ಲ, ನನ್ನೂ ಸೇರಿಸಿ ಹಾಕು."

ಕುಲದ ಹಿರಿಯ ಹೆಂಗಸನ್ನು ಕೈ ಹಿಡಿದು ಎಳೆದು ಇಳಿಸಲು ಅಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಸರಪಣಿ ಇದ್ದಲ್ಲೇ ಇತ್ತು. ಅತ್ತೆ ಆಟದ ಕಲ್ಲನ್ನು ಬಗ್ಗಿ ನೋಡಿ, ನಿನ್ನ ಹುಲಿ ಸಿಕ್ಕಾಕ್ಕಂಡೈತೆ, ಅದನ್ನ ನೋಡು ಎಂದು ತಮ್ಮನಿಗೆ ಹೇಳಿ, ಅಕ್ಕನ ಬೆನ್ನು ತಟ್ಟಿದರು. ಸೈಕಲ್ಲು ನಮ್ಮ ಬೀದಿಗೆ ತಿರುಗಿತು. ನಾನು ಹಿಂದೆಯೇ ಓಡಿದೆ. ಮನೆ ಬಾಗಿಲಲ್ಲಿ ಇಳಿದ ಅತ್ತೆ ಒಳಗೆ ಹೋದರು. ನಾನು ಮದುವೆಯಾಗಿ ಬಂದ ಮೇಲೆ ಆ ಕೈಗಳು ಖಾಲಿಯಾಗಿ ಹೊಸ್ತಿಲು ದಾಟಿದ್ದನ್ನು ನೋಡಿದ್ದು ಅದೇ ಮೊದಲು.

ಮುಂದಿನ ಅಮಾವಾಸ್ಯೆಗೆ ಅಕ್ಕನ ಹಿಂದೆ ಕೂರಲು ನನ್ನ ಸರದಿ ಬಂತು. ಮೋರಿಯ ಹತ್ತಿರ ಕದಿರಣ್ಣ ಕುರಿಗಳ ನಡುವೆ ನಿಂತಿದ್ದ. ಅಭ್ಯಾಸ ಬಿಡುತ್ತದೆಯೇ, ಎಲ್ಲಿಗಮ್ಮಾ ಎಂದು ಕೇಳಿಯೇ ಕೇಳಿದ. ಈ ಸಲ ತಪ್ಪು ತಿಳಿಯಬಾರದೆಂದು ನಾನು ಕನ್ನಡದಲ್ಲೇ, ಕ್ಯಾರಿಯರಿನ ಮೇಲೆ ಕೂತು ಕೂಗಿ ಹೇಳಿದೆ.

"ಸುಮ್ನೆ ಕಣಣ್ಣ."